ಎರಡನೇ ಗೇಟಿನ ಹತ್ತಿರ ಒಂದು ಅಣು

ಹಗಲಿನಲ್ಲಿ ಆಗುವ ಕೆಲಸವಲ್ಲ ಇದು.
ಟಿಳಕವಾಡಿಯಲ್ಲಿ ಹಗಲೆಂದರೆ ಟೆಂಪೊ, ಶಾಲೆಯ ರಿಕ್ಷಾ,
ಕಬ್ಬಿನ ಟ್ರ್ಯಾಕ್ಟರು, ಎದುರು ಮನೆಯ ಬೋರಿನ ಮೋಟರು.
ರಾತ್ರಿ ಹನ್ನೊಂದರ ಮೇಲೆ ನೆಲ ತುಸು ಮಾತು ನಿಲ್ಲಿಸುತ್ತದೆ.
ಆಗ ನಾನು, ಒಂದು ಸೂಕ್ಷ್ಮದರ್ಶಕ,
ಅದರ ಕೆಳಗೆ ಶಹಾಬಾದಿ ಫರಸಿ,
ಫರಸಿಯ ಕೆಳಗೆ ಖಡೇ ಬಜಾರದಲ್ಲಿ ಕೊಂಡ
ನಾಲ್ಕು ಸ್ಕೂಟರ್ ಟ್ಯೂಬು, ಅರ್ಧ ಗಾಳಿ.
ತೇಲುವ ಟೇಬಲ್ಲಿಗೆ ಅರ್ಜಿ ಹಾಕಿ ಮೂರು ವರ್ಷವಾಯಿತು.

ಆದರೂ ರೈಲು ಬಂದರೆ ಎಲ್ಲ ನಡುಗುತ್ತದೆ.
ಅದಕ್ಕೇ ನಾಮದೇವ ಕಣಬರಕರ,
ಎರಡನೇ ಗೇಟಿನ ರಾತ್ರಿಪಾಳಿಯವನು,
ಫೋನ್ ಹಚ್ಚುತ್ತಾನೆ:
"ಬಾಯಾರ, ಮಿರಜ್ ಗಾಡಿ ಹೋತು.
ಗೂಡ್ಸ್ ಇನ್ನೂ ದೇಸೂರ ಬಿಟ್ಟಿಲ್ಲ.
ಹದಿನೆಂಟು ಮಿನಿಟ ನಿಮ್ಮದು."

ನೀರಿನಲ್ಲಿ ಅಣು ನಿಲ್ಲುವುದಿಲ್ಲ.
ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಓಡುತ್ತದೆ;
ಸುತ್ತಲಿನ ನೀರೇ ನಾಲ್ಕೂ ಕಡೆಯಿಂದ ಮೊಣಕೈ ತಿವಿಯುತ್ತದೆ.
ಚಿಮಟಕ್ಕೆ ಸಿಗದು. ಸಿಕ್ಕರೆ ಅದು ಅಣುವಲ್ಲ, ಕಸ.
ಮುಟ್ಟದೆ ಹಿಡಿಯಬೇಕು,
ನಮ್ಮ ಸೋದರಮಾವ ಕರು ಹಿಡಿಯುತ್ತಿದ್ದ ಹಾಗೆ.
ಬೆನ್ನು ಹತ್ತುತ್ತಿರಲಿಲ್ಲ ಅವನು.
ಅದು ಎಡಕ್ಕೆ ಹೊರಳಿದರೆ ಎಡಕ್ಕೊಂದು ಹೆಜ್ಜೆ,
ಬಲಕ್ಕೆ ಹೊರಳಿದರೆ ಬಲಕ್ಕೆ,
ತಾನೇ ಮನಸ್ಸು ಮಾಡಿ ನಿಂತೆನೆಂದು
ಕರುವಿಗೆ ಅನ್ನಿಸುವ ತನಕ.
ಇಲ್ಲಿ ಹೆಜ್ಜೆ ನಾಲ್ಕು ತಂತಿಯವು.
ಲೇಸರ್ ನೋಡುತ್ತದೆ, ಯಂತ್ರ ಲೆಕ್ಕ ಹಾಕುತ್ತದೆ,
ಅಣು ಸರಿದ ದಿಕ್ಕಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತದೆ,
ಸೆಕೆಂಡಿಗೆ ಸಾವಿರಾರು ಸಲ.
ಹಿಡಿತ ಅಂದರೆ ಇಷ್ಟೇ, ನೋಡುತ್ತಿರುವುದು.
ರೆಪ್ಪೆ ಬಿದ್ದರೆ ಹೋಯಿತು.

ಪ್ರೋಟೀನಿಗೆ ಎರಡು ಬಣ್ಣ ಅಂಟಿಸಿದ್ದೇನೆ.
ಮಡಚಿಕೊಂಡರೆ ಕೆಂಪು, ಬಿಚ್ಚಿಕೊಂಡರೆ ಹಸಿರು.
ಒಂದೇ ಹನಿಯಲ್ಲಿ ಕೋಟಿಗಟ್ಟಲೆ ತುಂಬಿ ನೋಡಿದ ದಿನಗಳಲ್ಲಿ
ನಾನು ಕಂಡದ್ದು ಹಳದಿ.
ಹಳದಿಯ ಮೇಲೆ ಎರಡು ಪ್ರಬಂಧ ಬರೆದೆ.
ಆ ಹಳದಿ ಒಂದಕ್ಕೂ ಇರಲಿಲ್ಲ.

ಊರು ಎಣಿಸುವವರು ಬಂದಾಗ ಇದು ನೆನಪಾಗುತ್ತದೆ:
ನೂರಕ್ಕೆ ಇಷ್ಟು ಈ ಭಾಷೆ, ಇಷ್ಟು ಆ ಭಾಷೆ.
ನಾಮದೇವ ಗೇಟಿನಡಿ ನುಸುಳುವ ಬೈಕಿನವರನ್ನು
ಮರಾಠಿಯಲ್ಲಿ ಬೈಯುತ್ತಾನೆ,
ಮೆಂತ್ಯೆ ಸಿವುಡಿಗೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಾನೆ.
ಮೊಮ್ಮಗಳಿಗೆ ಜ್ವರ ಬಂದರೆ
ಯಾವುದರಲ್ಲಿ ಅಂಜುತ್ತಾನೋ, ಕೇಳಿಲ್ಲ.

ಒಮ್ಮೆ ಪಾಳಿ ಮುಗಿಸಿ, ಚಹಾದ ಥರ್ಮಾಸು ಹಿಡಿದು ಬಂದು
ಪರದೆ ನೋಡಿದ.
"ಕೆಂಪಂದ್ರ ಬಂದ್, ಹಸರಂದ್ರ ಖುಲ್ಲಾ. ನಮ್ಮದೂ ಹಂಗ."
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಖರೇ, ಬಂದ್ ಯಾರಿಗೆ ಬಾಯಾರ?
ನಾ ರಸ್ತಾಕ್ಕ ಕೆಂಪು ಹಚ್ಚಿದಾಗ
ಗಾಡಿಗೆ ಹಸರಿರತೈತಿ."
ದಾಖಲೆ ಪುಸ್ತಕದ ಅಂಚಿನಲ್ಲಿ
ಪೆನ್ಸಿಲ್ಲಿನಿಂದ ಬರೆದಿಟ್ಟಿದ್ದೇನೆ.
ಮುಂದಿನ ಜಾಗ ಖಾಲಿ.

ನಿನ್ನೆ, ಹದಿನೇಳು ಮಿನಿಟು ಕಳೆದ ಮೇಲೆ, ಒಂದು ಬಂತು.
ಎಂಟು ಸೆಕೆಂಡು ನಿಂತರೆ ಹೆಚ್ಚು ಇವು.
ಇದು ನಿಂತಿತು.
ಕೆಂಪು. ಹಸಿರು. ಹಸಿರು. ಕೆಂಪು.
ಹದಿನೈದು. ಇಪ್ಪತ್ತೆರಡು.
ಫೋನು ಗುರ್ ಅಂದಿತು. ಎತ್ತಲಿಲ್ಲ.
ಗೇಟಿನ ಗಂಟೆ.
ಫರಸಿಯ ಮೇಲೆ ಇಡಬಾರದಿದ್ದ ನನ್ನ ಲೋಟದ ಚಹಾದಲ್ಲಿ
ಮೊದಲ ಬಳೆ ಎದ್ದಿತು.
ಎರಡೂ ಕೈಯಿಂದ ಕಲ್ಲಿನ ಅಂಚು ಹಿಡಿದೆ,
ಹಿಡಿದರೆ ನೆಲ ನಿಲ್ಲುತ್ತದೆ ಎಂಬಂತೆ.

ನಲವತ್ತೊಂದಕ್ಕೆ ಆರಿತು.
ಮಂಕಾಗಲಿಲ್ಲ. ಮಂಕಾಗುವುದು ಗುಂಪು,
ನಿಧಾನ, ಮರ್ಯಾದೆಯಿಂದ.
ಒಂಟಿಯಾದದ್ದು ಒಂದೇ ಮೆಟ್ಟಿಲಿಗೆ ಇಳಿದುಬಿಡುತ್ತದೆ.
ಅದು ಒಂದೇ ಆಗಿತ್ತು ಅನ್ನುವುದಕ್ಕೆ
ನಾವು ಇಟ್ಟುಕೊಳ್ಳುವ ಪುರಾವೆಯೂ ಅದೇ.

ಆಮೇಲೆ ಗೂಡ್ಸ್ ಬಂತು.
ಕತ್ತಲಲ್ಲಿ ಕೂತು ಸಪ್ಪಳದ ಮೇಲೆ ಎಣಿಸಿದೆ,
ಐವತ್ತೆಂಟು ಡಬ್ಬಿ.
ಟ್ಯೂಬುಗಳು ಇನ್ನೂ ಉಸಿರಾಡುತ್ತಿರುವಾಗ
ಫೋನು ಮತ್ತೆ.

"ಸಿಕ್ತೇನ್ರಿ?"

"ಸಿಕ್ಕಿತ್ತು," ಅಂದೆ.